ಗುಳಿಗೆ ನಿಲ್ಲಿಸಿದ ಮೇಲೆ ಎಷ್ಟು ಕಾಯಬೇಕು?

ಜನನ ನಿಯಂತ್ರಣ ಸರ್ಕಾರದ ಹೊಣೆಯೂ ಹೌದೆಂಬ ವಿಚಾರ ಜಗತ್ತಿಗೇ ಹೊಸದಾಗಿದ್ದ ಕಾಲದಲ್ಲಿ, 1930ರಲ್ಲಿ, ಮೈಸೂರು ಸಂಸ್ಥಾನ ಅದಕ್ಕಾಗಿ ಸರ್ಕಾರಿ ಸಲಹಾ ಕೇಂದ್ರಗಳನ್ನು ತೆರೆಯಿತು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡ ಮೊದಲ ದೇಶವೆನಿಸಿತು. ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನ ಬರೆಸಿ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಹಳ್ಳಿಹಳ್ಳಿಗೂ ಸಾರಿದೆವು. ಗರ್ಭಧಾರಣೆಯನ್ನು ತಡೆಯುವ ಬಗೆಯನ್ನು ಇಷ್ಟು ಶ್ರದ್ಧೆಯಿಂದ ಬೋಧಿಸಿದ ಆಡಳಿತ, ತಡೆಯುವುದನ್ನು ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಹೇಳಲಿಲ್ಲ.

ಆ ಮೌನದ ಬೆಲೆಯನ್ನು ಈಗ ನಗರದ ಮಧ್ಯಮ ವರ್ಗದ ಮನೆಗಳು ತೆರುತ್ತಿವೆ. ಇಪ್ಪತ್ತೇಳಕ್ಕೋ ಇಪ್ಪತ್ತೆಂಟಕ್ಕೋ ಮದುವೆ, ಇಬ್ಬರಿಗೂ ಉದ್ಯೋಗ, ಮನೆ ಸಾಲದ ಕಂತು ತುಸು ಹಗುರಾಗಲಿ ಎಂದು ಮೂರು ವರ್ಷ ಗುಳಿಗೆ. ಬಳಿಕ ಮಗು ಬೇಕೆನಿಸಿ ಅದನ್ನು ನಿಲ್ಲಿಸುತ್ತಾರೆ. ಒಂದು ತಿಂಗಳು ಕಳೆಯುತ್ತದೆ, ಎರಡು, ಮೂರು. ಅಷ್ಟರಲ್ಲಿ ಮನೆಯ ಹಿರಿಯರೊಬ್ಬರು ತೀರ್ಪು ಕೊಟ್ಟಿರುತ್ತಾರೆ: ‘ಆ ಮಾತ್ರೆ ನುಂಗಿ ನುಂಗಿ ಗರ್ಭಕೋಶ ಒಣಗಿಸಿಕೊಂಡಳು.’ ತಪ್ಪು ಮಾತ್ರೆಯದು, ಅದನ್ನು ನುಂಗಿದವಳದು. ಗಂಡನ ಹೆಸರು ಈ ವಿಚಾರಣೆಯಲ್ಲಿ ಬರುವುದೇ ಇಲ್ಲ.

ಗುಳಿಗೆ ಮಾಡುವುದಿಷ್ಟೇ: ಅದರಲ್ಲಿರುವ ಹಾರ್ಮೋನುಗಳು ಅಂಡಾಣು ಬಿಡುಗಡೆಯಾಗದಂತೆ ತಡೆಯುತ್ತವೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅವು ದೇಹದಿಂದ ಹೊರಹೋಗುತ್ತವೆ. ಕೆಲವರಲ್ಲಿ ಮೊದಲ ಮುಟ್ಟು ಬರುವ ಮುನ್ನವೇ ಗರ್ಭ ನಿಲ್ಲುವುದುಂಟು. ಹಲವರಲ್ಲಿ ಋತುಚಕ್ರ ಹಳಿಗೆ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಯುರೋಪಿನಲ್ಲಿ ಮಗುವಿಗಾಗಿ ಗುಳಿಗೆ ನಿಲ್ಲಿಸಿದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಅನುಸರಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಮೊದಲ ಋತುಚಕ್ರದಲ್ಲೇ ಗರ್ಭ ಧರಿಸಿದವರು ಶೇ 21. ವರ್ಷ ತುಂಬುವುದರೊಳಗೆ ಶೇ 79. ಗುಳಿಗೆಯನ್ನು ಎಷ್ಟು ವರ್ಷ ಸೇವಿಸಿದ್ದರು ಎಂಬುದು ಈ ಫಲಿತಾಂಶಕ್ಕೆ ಅಡ್ಡಿಯಾಗಲಿಲ್ಲ. ಗರ್ಭನಿರೋಧಕವನ್ನು ಬಳಸದೆಯೇ ಮಗುವಿಗೆ ಪ್ರಯತ್ನಿಸುವ ದಂಪತಿಗಳ ಲೆಕ್ಕವೂ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ.

ಅರ್ಥಶಾಸ್ತ್ರ ಓದಿದವನ ಚಪಲದಿಂದ ಇಲ್ಲೊಂದು ಸಣ್ಣ ಲೆಕ್ಕ ಮಾಡುತ್ತೇನೆ. ಯಾವ ದೋಷವೂ ಇಲ್ಲದ ದಂಪತಿಗೆ ತಿಂಗಳಿಗೆ ಐದರಲ್ಲಿ ಒಂದರಷ್ಟು ಅವಕಾಶವಿದೆ ಎನ್ನೋಣ. ಮೂರು ತಿಂಗಳ ನಂತರವೂ ಕಾಯುತ್ತಿರುವವರು ನೂರಕ್ಕೆ 51! ಆರು ತಿಂಗಳ ನಂತರ 26, ವರ್ಷದ ನಂತರ 7. ಅಂದರೆ ಮೂರನೆಯ ತಿಂಗಳಲ್ಲಿ ‘ಇನ್ನೂ ಆಗಿಲ್ಲ’ ಎನ್ನುವುದು ರೋಗದ ಲಕ್ಷಣವಲ್ಲ, ಸಂಭವನೀಯತೆಯ ಸಾಮಾನ್ಯ ನಿಯಮ. ವಾಸ್ತವದಲ್ಲಿ ವರ್ಷಾಂತ್ಯಕ್ಕೆ ಉಳಿಯುವವರು ನನ್ನ ಲೆಕ್ಕಕ್ಕಿಂತ ಹೆಚ್ಚು. ಏಕೆಂದರೆ ಎಲ್ಲರ ಅವಕಾಶ ಒಂದೇ ಅಲ್ಲ, ಅವಕಾಶ ಕಡಿಮೆಯಿರುವವರೇ ಕೊನೆಯವರೆಗೆ ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವನ್ನು ವ್ಯಾಖ್ಯಾನಿಸಲು ಹನ್ನೆರಡು ತಿಂಗಳ ಗಡುವು ಇಟ್ಟಿರುವುದರ ಹಿಂದಿನ ತರ್ಕವೂ ಇದೇ.

ಆದರೆ ಎಲ್ಲರಿಗೂ ‘ವರ್ಷ ಕಾಯಿರಿ’ ಎನ್ನುವುದೂ ತಪ್ಪು. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ನಲವತ್ತು ದಾಟಿದ್ದರೆ ಕಾಯಲೇಬಾರದು. ಗುಳಿಗೆ ನಿಲ್ಲಿಸಿ ಮೂರು ತಿಂಗಳಾದರೂ ಮುಟ್ಟು ಮರಳದಿದ್ದರೆ ತಪಾಸಣೆ ಅಗತ್ಯ. ಗುಳಿಗೆಯ ಮೇಲಿದ್ದಾಗ ತಿಂಗಳು ತಿಂಗಳೂ ಕಾಣುವ ಸ್ರಾವ ಗುಳಿಗೆಯೇ ತರಿಸಿದ್ದು. ಮೊದಲೇ ಇದ್ದ ಅಂಡಾಶಯದ ತೊಂದರೆ ಆ ಪರದೆಯ ಹಿಂದೆ ಮರೆಯಾಗಿದ್ದು, ನಿಲ್ಲಿಸಿದ ಮೇಲೆ ಬಯಲಾಗುತ್ತದೆ. ಗುಳಿಗೆಗೆ ಕೆಟ್ಟ ಹೆಸರು ಬರುವುದು ಬಹುಮಟ್ಟಿಗೆ ಇಲ್ಲಿಂದಲೇ. ಇನ್ನೊಂದು, ಗುಳಿಗೆ ನುಂಗುತ್ತ ಕಳೆದ ವರ್ಷಗಳಲ್ಲಿ ವಯಸ್ಸೂ ಏರಿರುತ್ತದೆ. ಇಪ್ಪತ್ತೆಂಟಕ್ಕೆ ಆರಂಭಿಸಿ ಮೂವತ್ತಾರಕ್ಕೆ ನಿಲ್ಲಿಸಿದವಳಿಗೆ ತಡವಾದರೆ, ಅದಕ್ಕೆ ಆ ಎಂಟು ವರ್ಷಗಳು ಕಾರಣವೇ ಹೊರತು ಗುಳಿಗೆಯಲ್ಲ. ಈ ಮಾತನ್ನು ಆರಂಭದಲ್ಲೇ ಹೇಳುವವರು ಬೇಕು.

ನಮ್ಮ ಬಳಗದ ಹೆಣ್ಣುಮಗಳೊಬ್ಬಳು, ಮೂವತ್ತರವಳು, ಗುಳಿಗೆ ನಿಲ್ಲಿಸಿದ ನಾಲ್ಕನೆಯ ತಿಂಗಳಿಗೆ ಬೆಂಗಳೂರಿನ ಒಂದು ಖಾಸಗಿ ಕೇಂದ್ರಕ್ಕೆ ಹೋದಳು. ಅವಳಿಗೆ ರಕ್ತ ಪರೀಕ್ಷೆಗಳ ಉದ್ದನೆಯ ಪಟ್ಟಿಯೂ, ಪ್ರನಾಳ ಶಿಶು ಚಿಕಿತ್ಸೆಯ ‘ಪ್ಯಾಕೇಜ್’ ವಿವರವೂ ಮೊದಲ ಭೇಟಿಯಲ್ಲೇ ದೊರೆತವು. ಗಂಡನ ವೀರ್ಯ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಸಂತಾನ ವಿಳಂಬದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಪಾಲೂ ಇರುತ್ತದೆ; ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆಯೂ ಅವನದೇ. ಆಕೆ ಪ್ಯಾಕೇಜಿಗೆ ಒಪ್ಪದೆ ಮನೆಗೆ ಮರಳಿದಳು, ಎಂಟನೆಯ ತಿಂಗಳಲ್ಲಿ ಗರ್ಭಿಣಿಯಾದಳು. ಒಂದು ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು, ಬಲ್ಲೆ. ಆದರೆ ವೈದ್ಯಕೀಯ ಸೇವೆ ಇತರ ಸರಕುಗಳಂತಲ್ಲ, ಕೊಳ್ಳುವವನಿಗೆ ತನಗೆ ಏನು ಬೇಕೆಂಬುದೇ ತಿಳಿದಿರುವುದಿಲ್ಲ ಎಂದು ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. ಅಂಥ ಮಾರುಕಟ್ಟೆಯಲ್ಲಿ ಆತಂಕಕ್ಕಿಂತ ಒಳ್ಳೆಯ ಮಾರಾಟಗಾರ ಇಲ್ಲ.

ಬಡವರ ಮನೆಯಲ್ಲಿ ಇದೇ ಅಜ್ಞಾನ ಬೇರೊಂದು ರೂಪ ತಾಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಗುಳಿಗೆ ಬಳಸುವವರು ಶೇ 5ರಷ್ಟು ಮಾತ್ರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು ಶೇ 38. ಕರ್ನಾಟಕದಲ್ಲಿ ಇದು ಶೇ 57! ‘ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲ’ ಎಂಬ ಭಯವಿದ್ದಲ್ಲಿ, ಅಂತರಕ್ಕಾಗಿ ಗುಳಿಗೆ ಬಳಸುವ ಬದಲು ಬೇಗಬೇಗ ಎರಡು ಹೆತ್ತು ಆಪರೇಷನ್ ಮಾಡಿಸಿಕೊಳ್ಳುವುದೇ ಜಾಣತನವಾಗಿ ತೋರುತ್ತದೆ. ಇದೊಂದೇ ಕಾರಣವೆಂದು ನಾನು ಹೇಳಲಾರೆ. 1996ರಲ್ಲಿ ಗುರಿ ನಿಗದಿ ಪದ್ಧತಿ ರದ್ದಾಗುವವರೆಗೆ ತಾಲ್ಲೂಕಿನ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕುಳಿತು ನೋಡಿದ್ದೇನೆ: ಆಪರೇಷನ್‌ಗಳ ಸಂಖ್ಯೆ ಕೇಳುತ್ತಿದ್ದರು, ಅಂತರ ಕಾಯ್ದುಕೊಂಡವರ ಸಂಖ್ಯೆಯನ್ನು ಯಾರೂ ಕೇಳುತ್ತಿರಲಿಲ್ಲ.

2017ರಿಂದ ಸರ್ಕಾರ ‘ಅಂತರಾ’ ಎಂಬ ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದನ್ನೂ ಉಚಿತವಾಗಿ ನೀಡುತ್ತಿದೆ. ಇದು ಗುಳಿಗೆಯಂತಲ್ಲ. ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಸರಾಸರಿ ಹತ್ತು ತಿಂಗಳಾದರೂ ಬೇಕಾಗಬಹುದು. ಶಾಶ್ವತ ಹಾನಿ ಏನೂ ಇಲ್ಲ. ಆದರೆ ಇದನ್ನು ಮೊದಲೇ ಹೇಳದೆ ಚುಚ್ಚಿದರೆ, ಆರನೆಯ ತಿಂಗಳಿಗೆ ಅತ್ತೆಮನೆಯಲ್ಲಿ ಆ ಹೆಣ್ಣಿನ ಪಾಡೇನು? ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೆ ಬೇರೆ ವಿಧಾನ ಸೂಚಿಸುವುದು ಆಶಾ ಕಾರ್ಯಕರ್ತೆಯ ಕರ್ತವ್ಯದ ಭಾಗವಾಗಬೇಕು.

ಇದಕ್ಕೆ ಹೊಸ ಯೋಜನೆ, ಹೊಸ ನಿರ್ದೇಶನಾಲಯ ಬೇಕಿಲ್ಲ. ಮಾಲಾ ಪೊಟ್ಟಣದ 28 ಗುಳಿಗೆಗಳಲ್ಲಿ 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಅದರ ಜತೆಯ ಚೀಟಿಯಲ್ಲಿ ‘ನಿಲ್ಲಿಸಿದ ಮೇಲೆ ಹೆಚ್ಚಿನವರು ಒಂದು ವರ್ಷದೊಳಗೆ ಗರ್ಭಿಣಿಯರಾಗುತ್ತಾರೆ’ ಎಂಬ ಒಂದು ಸಾಲನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಮುದ್ರಿಸಲು ಎಷ್ಟು ಖರ್ಚು? ತಾಲ್ಲೂಕು ಆಸ್ಪತ್ರೆಗಳಲ್ಲಿ ವೀರ್ಯ ಪರೀಕ್ಷೆ ನಿಯಮಿತವಾಗಿ ದೊರೆಯಲಿ. ಸಂತಾನ ಚಿಕಿತ್ಸಾ ಕೇಂದ್ರಗಳ ನಿಯಂತ್ರಣಕ್ಕೆ 2021ರ ಕಾಯ್ದೆಯಿದೆ. ಬ್ರಿಟನ್ನಿನ ಪ್ರಾಧಿಕಾರ ಮಾಡುವಂತೆ, ಪ್ರತಿ ಕೇಂದ್ರದ ಫಲಿತಾಂಶವನ್ನೂ ಜನ ಓದಿ ಹೋಲಿಸುವಂತೆ ಪ್ರಕಟಿಸಲಿ.

ಇನ್ನು ಗುಳಿಗೆ ನಿಲ್ಲಿಸಲು ಹೊರಟಿರುವವರಿಗೆ: ಅಂದಿನಿಂದಲೇ, ಸಾಧ್ಯವಾದರೆ ಅದಕ್ಕೂ ಕೆಲ ವಾರ ಮೊದಲಿನಿಂದಲೇ, ವೈದ್ಯರನ್ನು ಕೇಳಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಒಳ್ಳೆಯದು. ಮಗುವಿನ ಮಿದುಳು, ಬೆನ್ನುಹುರಿಗಳಾಗುವ ನರನಾಳ ಗರ್ಭ ನಿಂತ ನಾಲ್ಕು ವಾರದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆ ವೇಳೆಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ.