ಎರವಲು ತಂದ ಉಪಾಯಕ್ಕೆ ಸಲ್ಲಬೇಕಾದ ಸೌಜನ್ಯ

ಸಹಾಯಾರ್ಥ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಶಾಲಾಮಕ್ಕಳನ್ನು ಬರಿಗೈಯಲ್ಲಿ ಕಳುಹಿಸುವವರು ನಮ್ಮಲ್ಲಿ ವಿರಳ. ಆ ಸಂಗ್ರಹದ ಉಪಾಯ ಮೂಲತಃ ಯಾರದೆಂದು ವಿಚಾರಿಸುವವರು ಇನ್ನೂ ವಿರಳ. ಒಂದು ಸೇವಾಸಂಸ್ಥೆ ವರ್ಷಗಟ್ಟಲೆ ಶ್ರಮಿಸಿ ರೂಢಿಗೆ ತಂದ ಕ್ರಮವನ್ನು ಶಾಲೆಯೊಂದು ಬೇರೊಂದು ಸತ್ಕಾರ್ಯಕ್ಕಾಗಿ ಅನುಸರಿಸಬಹುದೇ? ಅವಶ್ಯವಾಗಿ ಅನುಸರಿಸಬಹುದು. ಆದರೆ ಅದಕ್ಕೊಂದು ಮರ್ಯಾದೆಯುಂಟು ಎಂಬುದು ನನ್ನ ಅಭಿಪ್ರಾಯ.

ಉಪಾಯಗಳು ಹೀಗೆ ಕೈಯಿಂದ ಕೈಗೆ ಹೋಗದಿದ್ದರೆ ಲೋಕಕ್ಕೇ ನಷ್ಟವಾಗುತ್ತಿತ್ತು. ಕ್ಷಯರೋಗ ಪೀಡಿತರ ನೆರವಿಗಾಗಿ ಪತ್ರಗಳ ಮೇಲೆ ಅಂಟಿಸುವ ಮುದ್ರೆಗಳನ್ನು ಮಾರುವ ಯೋಜನೆ ಡೆನ್ಮಾರ್ಕಿನ ಅಂಚೆ ನೌಕರ ಐನಾರ್ ಹೋಲ್ಬೋಲ್ ಅವರದು. ಅದು 1904ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಜೇಕಬ್ ರೀಸ್ ಎಂಬ ಪತ್ರಕರ್ತರು ಇದು ಡೆನ್ಮಾರ್ಕಿನದೆಂದು ಹೇಳಿಯೇ ಲೇಖನ ಬರೆದರು. ಅದನ್ನೋದಿದ ಎಮಿಲಿ ಬಿಸೆಲ್ 1907ರಲ್ಲಿ ತಮ್ಮ ಪ್ರಾಂತದ ಆರೋಗ್ಯಧಾಮವೊಂದಕ್ಕಾಗಿ ಅದೇ ಮಾರ್ಗ ಹಿಡಿದರು. ಭಾರತದ ಕ್ಷಯರೋಗ ಸಂಘವು 1950ರಲ್ಲಿ ಅದನ್ನು ಇಲ್ಲಿಗೆ ತಂದಿತು.

2014ರಲ್ಲಿ ನರಕೋಶಗಳನ್ನು ನಾಶಮಾಡುವ ಎ.ಎಲ್.ಎಸ್. ರೋಗದ ಹೆಸರಿನಲ್ಲಿ ತಲೆಯ ಮೇಲೆ ಮಂಜಿನ ನೀರು ಸುರಿದುಕೊಳ್ಳುವ ಸವಾಲು ಲೋಕವನ್ನೆಲ್ಲ ಸುತ್ತಿತು. ಅದರಿಂದ ಅಮೆರಿಕದ ಎ.ಎಲ್.ಎಸ್. ಸಂಘಕ್ಕೆ ಸುಮಾರು 11.5 ಕೋಟಿ ಡಾಲರ್ ಸಂದಿತು. ಸವಾಲಿನ ಹೆಸರಿಗೆ ಟ್ರೇಡ್‌ಮಾರ್ಕ್ ಪಡೆಯಲು ಹೊರಟ ಸಂಘವು ಟೀಕೆಗೊಳಗಾಗಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಅದೇ ಆಗಸ್ಟಿನಲ್ಲಿ ಹೈದರಾಬಾದಿನ ಪತ್ರಕರ್ತೆ ಮಂಜುಲತಾ ಕಲಾನಿಧಿ ಬಕೆಟ್ಟಿಗೆ ಅಕ್ಕಿ ತುಂಬಿ ಬಡವರಿಗೆ ಕೊಡುವ ಸವಾಲನ್ನು ಆರಂಭಿಸಿದರು. ಹೆಸರೇ ಮೂಲವನ್ನು ಸಾರುತ್ತಿದ್ದಿತು. ಅಕ್ಕಿ ಕೊಟ್ಟ ಯಾರೂ ಅದು ಎ.ಎಲ್.ಎಸ್. ರೋಗಿಗಳಿಗೆ ಹೋಯಿತೆಂದು ಭ್ರಮಿಸಲಿಲ್ಲ. ಎರವಲು ಎಂದರೆ ಹೀಗಿರಬೇಕು.

ಹೀಗಿಲ್ಲದ ಎರವಲಿಗೆ ನಾನೂ ಪಾಲುದಾರ. ಮುಂಬಯಿಯ ಉಪನಗರದ ಶಾಲೆಯೊಂದರ ಪಾಲಕರ ಸಮಿತಿಯಲ್ಲಿ ನಾನು ಕೋಶಾಧಿಕಾರಿಯಾಗಿದ್ದೆ. ಕ್ಯಾನ್ಸರ್ ರೋಗಿಗಳ ಊಟ ವಸತಿಗೆ ನೆರವಾಗುವ ಚಿಕ್ಕ ಸಂಸ್ಥೆಯೊಂದು ಪ್ರತಿವರ್ಷ ನಮ್ಮ ಕಟ್ಟಡಗಳಿಂದ ರದ್ದಿ ಕಾಗದ ಸಂಗ್ರಹಿಸುತ್ತಿದ್ದಿತು. ಕಿವುಡ ಮಕ್ಕಳಿಗೆ ಶ್ರವಣಯಂತ್ರ ಕೊಡಿಸಲು ನಾವೂ ರದ್ದಿಯನ್ನೇ ಆರಿಸಿಕೊಂಡೆವು, ಅದೂ ಅವರಿಗಿಂತ ಎರಡು ವಾರ ಮೊದಲು. “ಈ ಸಲ ಬೇಗ ಬಂದಿರಲ್ಲ?” ಎಂದು ಅನೇಕ ಗೃಹಿಣಿಯರು ಕೇಳಿದರಂತೆ, ಮಕ್ಕಳು ಸುಮ್ಮನೆ ತಲೆಯಾಡಿಸಿದರಂತೆ. ನನ್ನ ಲೆಕ್ಕ ಪೈಸೆಗೆ ಪೈಸೆ ಸರಿಹೊಂದಿದ್ದಿತು. ಆದರೆ ಆ ಸಂಸ್ಥೆಯವರು ಬಂದಾಗ ಮನೆಗಳಲ್ಲಿ ರದ್ದಿ ಇರಲಿಲ್ಲ.

ಬರಿಯ ಉಪಾಯಕ್ಕೆ ಕೃತಿಸ್ವಾಮ್ಯವಿಲ್ಲ. ಕಾನೂನು ನಮ್ಮನ್ನು ಹಿಡಿಯಲಾರದು. ಆದರೆ ವಾಣಿಜ್ಯಶಾಸ್ತ್ರ ಓದಿದವರೆಲ್ಲರಿಗೂ ತಿಳಿದಂತೆ, ‘ಗುಡ್‌ವಿಲ್’ ಕಣ್ಣಿಗೆ ಕಾಣದಿದ್ದರೂ ಆಸ್ತಿಯೇ. ಜನರ ಆ ವಿಶ್ವಾಸವನ್ನು ಅವರು ಗಳಿಸಿದ್ದರು. ನಾವು ಹೇಳದೆ ಕೇಳದೆ ನಗದೀಕರಿಸಿಕೊಂಡೆವು. ಪರೀಕ್ಷೆಯಲ್ಲಿ ನಕಲು ಮಾಡಬಾರದೆನ್ನುವ ಶಾಲೆಯಲ್ಲೇ ಮಕ್ಕಳು ಇದನ್ನು ಕಲಿತದ್ದು ನನಗೆ ಹೆಚ್ಚು ವ್ಯಥೆಯನ್ನುಂಟುಮಾಡಿತು. ಸತ್ಕಾರ್ಯವಾದುದರಿಂದ ದಾರಿ ಹೇಗಿದ್ದರೂ ಸರಿ ಎಂಬ ಪಾಠ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಆದುದರಿಂದ ಇಂತಹ ಕಾರ್ಯಕ್ಕೆ ತೊಡಗುವ ಶಾಲೆಗಳಿಗೆ ನನ್ನ ವಿಜ್ಞಾಪನೆ ಇಷ್ಟು. ಮೂಲ ಸಂಸ್ಥೆಗೆ ಮೊದಲೇ ಒಂದು ಪತ್ರ ಬರೆಯಿರಿ. ಅವರ ಹೆಸರು, ಚಿಹ್ನೆ, ದಿನಗಳನ್ನು ಬಿಟ್ಟುಕೊಡಿ. ಹಣ ಯಾರಿಗೆ ಸಲ್ಲುವುದೆಂಬುದನ್ನು ಡಬ್ಬಿಯ ಮೇಲೂ ರಸೀದಿಯಲ್ಲೂ ಸ್ಪಷ್ಟವಾಗಿ ನಮೂದಿಸಿ, ಉಪಾಯ ಯಾರದೆಂಬುದನ್ನೂ ಒಂದು ಸಾಲಿನಲ್ಲಿ ಸ್ಮರಿಸಿ. ಮನೆಬಾಗಿಲಲ್ಲಿ ಅದನ್ನು ಹೇಳಲು ಮಕ್ಕಳಿಗೆ ಕಲಿಸಿರಿ. ತಪ್ಪುತಿಳಿವಳಿಕೆಯಿಂದ ಬಂದ ಹಣವನ್ನು ಅದು ಸೇರಬೇಕಾದಲ್ಲಿಗೆ ಸೇರಿಸಿರಿ.

ಯಾವ ಮನೆಯವರು ಯಾರೆಂದು ಭಾವಿಸಿ ಕೊಟ್ಟರೆಂಬುದು ತಿಳಿಯದ ಕಾರಣ, ಸಂಗ್ರಹವಾದುದರಲ್ಲಿ ಅರ್ಧವನ್ನು ನಾವು ಆ ಸಂಸ್ಥೆಗೆ ಒಪ್ಪಿಸಿ ಕ್ಷಮೆ ಕೇಳಿದೆವು. ಅಲ್ಲಿದ್ದ ವೃದ್ಧ ಮಹಿಳೆ ರಸೀದಿ ಬರೆದುಕೊಟ್ಟು, “ಬರುವ ವರ್ಷ ಮೊದಲೇ ತಿಳಿಸಿ, ಚೀಲಗಳನ್ನು ನಾವೇ ಕೊಡುತ್ತೇವೆ” ಎಂದರು. ಒಂದು ಮಾತು ಕೇಳಿದ್ದರೆ ಅವರು ಮೊದಲ ವರ್ಷವೇ ಕೊಡುತ್ತಿದ್ದರು.