ಕಲ್ಲು ಹೋಯಿತು, ಕೊಳವೆ ಉಳಿಯಿತು

ಗಡಿ ಸೀಮೆಯ ನಮ್ಮ ಜನ ಹೊಟ್ಟೆ ಕಾಯಿಲೆಗೆ ಕೊಯಮತ್ತೂರಿನ ಹಾದಿ ಹಿಡಿಯುವುದು ಹೊಸ ಸಂಗತಿಯೇನಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ವಿಂಗಡಣೆ ಆಗುವ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಂದು ಹಿರಿಯರು ಕಲೆಕ್ಟರ ಕಚೇರಿಗೆಂದು ಹೋಗುತ್ತಿದ್ದ ಊರಿಗೆ ಇಂದು ನಾವು ಸ್ಕ್ಯಾನಿಂಗ್ ಕಾಗದ ಹಿಡಿದು ಹೋಗುತ್ತಿದ್ದೇವೆ. ದಿಂಬಂ ಘಟ್ಟದ ೨೭ ತಿರುವು ಇಳಿದು, ಸತ್ಯಮಂಗಲ, ಅನ್ನೂರು ದಾಟಿದರೆ ಆಯಿತು. ಅರಿಶಿನದ ಮೂಟೆ ಈರೋಡಿಗೆ, ಅರಿಶಿನ ಕಾಮಾಲೆ ಕೊಯಮತ್ತೂರಿಗೆ ಎಂದು ನಮ್ಮ ಮಂಡಿಯಲ್ಲಿ ನಗೆಯಾಡುವುದುಂಟು.

ನಗೆಯ ಮಾತು ಹಾಗಿರಲಿ. ಕಾಮಾಲೆಗಳಲ್ಲಿ ಒಂದು ಬಗೆ, ಪಿತ್ತನಾಳಕ್ಕೆ ಕಲ್ಲು ಅಡ್ಡ ಬಿದ್ದು ಬರುವಂಥದು. ಇದಕ್ಕೆ ಈಗ ಬಹುಪಾಲು ಹೊಟ್ಟೆ ಕೊಯ್ಯುವ ಪ್ರಮೇಯವಿಲ್ಲ. ಬಾಯಿಂದ ಎಂಡೋಸ್ಕೋಪಿ ನಳಿಕೆ ಇಳಿಸಿ ಕಲ್ಲನ್ನು ತೆಗೆಯುತ್ತಾರೆ. ಹೋದವರಲ್ಲಿ ಹೆಚ್ಚಿನವರು ಕೆಲವೇ ದಿನಗಳಲ್ಲಿ ಮನೆ ಸೇರಿ ಮುದ್ದೆ ಉಣ್ಣುತ್ತಾರೆ. ಸಂತೋಷವೇ. ಆದರೆ ಹೀಗೆ ಬಂದವರಲ್ಲಿ ಕೆಲವರು ಹೊಟ್ಟೆಯೊಳಗೆ ಒಂದು ಕೊಳವೆಯನ್ನು ಇಟ್ಟುಕೊಂಡೇ ಬಂದಿರುತ್ತಾರೆ. ಅದನ್ನು ಇಂತಿಷ್ಟು ದಿನದೊಳಗೆ ತೆಗೆಸಬೇಕೆಂಬುದು ಅವರಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಗಡಿ ಪುಟದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಅದೇ ಕಾರಣ.

ಮೊದಲು ಕಾಯಿಲೆಯ ಸ್ವರೂಪ. ನೀರಾವರಿ ಬಲ್ಲವರಿಗೆ ಇದು ಕಷ್ಟದ ಪಾಠವಲ್ಲ. ಈಲಿ ಎಂಬ ಕೆರೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಾಗುತ್ತದೆ. ಪಿತ್ತಕೋಶ ಎಂಬುದು ಪಕ್ಕದ ಸಣ್ಣ ತೊಟ್ಟಿ. ಅಲ್ಲಿಂದ ಸಣ್ಣಕರುಳಿಗೆ ಹೋಗುವ ಕಾಲುವೆಯೇ ಪಿತ್ತನಾಳ. ಕಾಲುವೆ ಕರುಳಿಗೆ ಬೀಳುವ ಕಡೆ ತೆರೆದು ಮುಚ್ಚುವ ಒಂದು ತೂಬು ಇದೆ. ೧೮೮೭ರಲ್ಲಿ ಇದನ್ನು ವಿವರಿಸಿದ ಇಟಲಿಯ ರುಗ್ಗೇರೊ ಓಡ್ಡಿ ಆಗಿನ್ನೂ ವಿದ್ಯಾರ್ಥಿ. ಆ ತೂಬಿಗೆ ಇಂದಿಗೂ ಅವನದೇ ಹೆಸರು. ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲಿಗೇ ಬಂದು ಸೇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಟ್ಟಿಯಲ್ಲಿ ಕಲ್ಲು ಇರುವವರು ಬಹಳ ಮಂದಿ, ಅವರಲ್ಲಿ ಅನೇಕರಿಗೆ ಜೀವಮಾನವಿಡೀ ತೊಂದರೆ ಆಗುವುದಿಲ್ಲ. ಅಂಥವರಲ್ಲಿ ೧೦೦ಕ್ಕೆ ಸುಮಾರು ೧೦ರಿಂದ ೧೫ ಮಂದಿಗೆ ಕಲ್ಲು ಕಾಲುವೆಗೂ ಇಳಿದಿರುತ್ತದೆ. ಕೆಲವರಿಗೆ ಕಾಲುವೆಯಲ್ಲೇ ಹುಟ್ಟುತ್ತದೆ. ಉತ್ತರ ಭಾರತದಲ್ಲಿ ಕೊಬ್ಬಿನ ಅಂಶದ ಕಲ್ಲು ಹೆಚ್ಚು, ನಮ್ಮ ದಕ್ಷಿಣದಲ್ಲಿ ಪಿತ್ತದ ಬಣ್ಣದಿಂದಾದ ಕಪ್ಪು, ಕಂದು ಕಲ್ಲುಗಳ ಪಾಲು ದೊಡ್ಡದು. ಕಂದು ಕಲ್ಲು ನಾಳದಲ್ಲಿ ಸೋಂಕು ಸೇರಿದಾಗ ಬೆಳೆಯುವಂಥದು, ಒಮ್ಮೆ ತೆಗೆದರೂ ಮತ್ತೆ ಕಟ್ಟಿಕೊಳ್ಳಬಹುದು.

ಮನೆಯೊಳಗೆ ತೆಲುಗು, ಹೊಲದಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು ಆಡಿ ಬೆಳೆದವನು ನಾನು. ನಮ್ಮ ಕಾಮಾಲೆ ತಮಿಳಿನಲ್ಲಿ ಮಂಜಳ್ ಕಾಮಾಲೈ, ತೆಲುಗಿನಲ್ಲಿ ಪಚ್ಚಕಾಮೆರ್ಲು. ಮೂರು ನಾಡಿಗೂ ಕಾಯಿಲೆ ಒಂದೇ, ಹೆಸರಿನ ಬೇರೂ ಒಂದೇ, ಮಾಡುವ ಔಷಧಿಯೂ ಒಂದೇ. ನೆಲನೆಲ್ಲಿ, ಕೀಳಾನೆಲ್ಲಿ, ನೇಲ ಉಸಿರಿ ಎಂದು ಮೂರು ಹೆಸರಿನಲ್ಲಿ ಅದೇ ಗಿಡವನ್ನು ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ನೀರಿನಿಂದ ಬರುವ ವೈರಾಣು ಕಾಮಾಲೆ ಬಹುತೇಕ ತಾನಾಗಿಯೇ ವಾಸಿಯಾಗುವಂಥದು, ಕೀರ್ತಿ ಮಾತ್ರ ಗಿಡಕ್ಕೆ. ನನಗೆ ಗಿಡದ ಮೇಲೆ ಹಗೆಯಿಲ್ಲ. ಆದರೆ ಕಲ್ಲು ಅಡ್ಡ ಬಿದ್ದ ಕಾಮಾಲೆಗೆ ಸೊಪ್ಪು ಅರೆಯುತ್ತ ಕುಳಿತರೆ ಕಾಲುವೆ ಬಿಡಿಸಿಕೊಳ್ಳುವುದಿಲ್ಲ. ಬಲ ಪಕ್ಕೆಯ ಕೆಳಗೆ ನೋವು, ಮೈ ನಡುಗಿಸುವ ಚಳಿಜ್ವರ, ಕಣ್ಣು ಹಳದಿ, ಈ ಮೂರೂ ಕೂಡಿದರೆ ನಾಳದಲ್ಲಿ ಕೀವಾಗುತ್ತಿದೆ ಎಂದೇ ಲೆಕ್ಕ. ಅದು ಪ್ರಾಣಕ್ಕೆ ಬರುವ ಸ್ಥಿತಿ. ಮಲ ಸುಣ್ಣದಂತೆ ಬೆಳ್ಳಗಾಗುವುದು, ಮೂತ್ರ ಡಿಕಾಕ್ಷನ್ನಿನಂತೆ ಕಪ್ಪಾಗುವುದು, ಮೈ ಕೆರೆತ, ಇವೂ ನಾಳ ಕಟ್ಟಿರುವ ಸೂಚನೆಗಳು.

ಇನ್ನು ಚಿಕಿತ್ಸೆ. ೧೯೬೮ರಲ್ಲಿ ಅಮೆರಿಕದ ವಿಲಿಯಂ ಮೆಕ್ಯೂನ್ ಮತ್ತು ಸಂಗಡಿಗರು ನಳಿಕೆಯ ಮೂಲಕ ಆ ತೂಬಿನೊಳಗೆ ಸಣ್ಣ ಕೊಳವೆ ತೂರಿಸಿ ತೋರಿಸಿದರು. ೧೯೭೪ರಲ್ಲಿ ಜರ್ಮನಿಯ ಕ್ಲಾಸೆನ್, ಡೆಮ್ಲಿಂಗ್ ಮತ್ತು ಜಪಾನಿನ ಕವಾಯ್ ಬೇರೆ ಬೇರೆಯಾಗಿ ಒಂದು ಹೆಜ್ಜೆ ಮುಂದೆ ಹೋದರು. ವಿದ್ಯುತ್ ತಂತಿಯಿಂದ ತೂಬಿನ ಬಾಯನ್ನು ಸ್ವಲ್ಪ ಸೀಳಿ ಕಲ್ಲಿಗೆ ದಾರಿ ಮಾಡಿದರು. ಇಂದು ಇ.ಆರ್.ಸಿ.ಪಿ. ಎಂದು ಚೀಟಿಯಲ್ಲಿ ಬರೆಯುವುದು ಇದನ್ನೇ. ತೂಬು ಸೀಳಿ, ಪುಟ್ಟ ಬಲೂನು ಅಥವಾ ತಂತಿಯ ಬುಟ್ಟಿ ಹಾಕಿ ಕಲ್ಲನ್ನು ಕರುಳಿಗೆ ಎಳೆದುಬಿಡುತ್ತಾರೆ. ಮಲದ ಜೊತೆ ಅದು ಹೊರಟುಹೋಗುತ್ತದೆ.

ನಮ್ಮ ಸುತ್ತಿನಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೊಎಂಟೆರಾಲಜಿಯ ಡಾ. ಡಿ. ನಾಗೇಶ್ವರ ರೆಡ್ಡಿ ಅವರಿಂದ ಕಲಿಯಲು ಹೊರದೇಶದ ವೈದ್ಯರೂ ಬರುತ್ತಾರೆ. ೨೦೨೫ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಕೊಯಮತ್ತೂರಿನ ಡಾ. ಸಿ. ಪಳನಿವೇಲು ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ ದೊಡ್ಡ ಹೆಸರು. ಅವರ ಜೆಮ್ ಆಸ್ಪತ್ರೆ ೨೦೦೧ರಲ್ಲಿ ಆರಂಭವಾಯಿತು. ಹೊಟ್ಟೆಗೆ ಸಣ್ಣ ತೂತು ಮಾಡಿ ಪಿತ್ತಕೋಶ ಮತ್ತು ನಾಳದ ಕಲ್ಲು ಎರಡನ್ನೂ ಒಂದೇ ಸಲಕ್ಕೆ ತೆಗೆಯುವ ಕ್ರಮವೂ ಇದೆ. ಕೈ ಪಳಗಿದವರು ಮಾಡಿದರೆ ಫಲ ಇ.ಆರ್.ಸಿ.ಪಿ.ಗೆ ಕಡಿಮೆಯಿಲ್ಲ. ನಮ್ಮ ಸರ್ಕಾರದ್ದೂ ಇಲ್ಲದೆ ಇಲ್ಲ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಗ್ಯಾಸ್ಟ್ರೊಎಂಟೆರಾಲಜಿಗೆಂದೇ ಒಂದು ಸರ್ಕಾರಿ ಸಂಸ್ಥೆಯಿದೆ.

ಫಲಿತಾಂಶ ಹೇಗೆ ಎಂದು ಕೇಳುವವರಿಗೆ ನೇರವಾಗಿ ಹೇಳಬೇಕು. ಬಲೂನು, ಬುಟ್ಟಿಯಿಂದಲೇ ೧೦೦ರಲ್ಲಿ ೮೫ರಿಂದ ೯೦ ಮಂದಿಯ ಕಲ್ಲು ಹೊರಬರುತ್ತದೆ. ಉಳಿದವರಿಗೆ ಕಲ್ಲು ದೊಡ್ಡದು, ಅಥವಾ ನಾಳ ಕಿರಿದು. ಅಂಥ ಕಡೆ ಒಳಗೇ ಕಲ್ಲನ್ನು ಪುಡಿ ಮಾಡುವ ಉಪಕರಣ, ಲೇಸರ್ ಬೇಕಾಗುತ್ತದೆ, ಇಲ್ಲವೇ ಎರಡನೇ ಸಲ ಹೋಗಬೇಕಾಗುತ್ತದೆ. ತೊಂದರೆಯೂ ಇದೆ. ಮೇದೋಜೀರಕದ ನಾಳ ಅಲ್ಲೇ ಸೇರುತ್ತದೆ ಎಂದೆನಲ್ಲ, ಅದು ಕೆರಳಿ ಊದಿಕೊಳ್ಳುವುದು ೧೦೦ರಲ್ಲಿ ೩ರಿಂದ ೧೦ ಮಂದಿಗೆ. ಹೆಚ್ಚಿನದು ಸೌಮ್ಯ, ಕೆಲವು ಮಾತ್ರ ಗಂಭೀರ. ಇದನ್ನು ತಗ್ಗಿಸಲು ಗುದದ್ವಾರಕ್ಕೆ ಇಡುವ ಇಂಡೋಮೆಥಾಸಿನ್ ಅಥವಾ ಡೈಕ್ಲೋಫೆನಾಕ್ ಗುಳಿಗೆಯನ್ನು ಕೊಡುತ್ತಾರೆ. ೨೦೧೨ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆಯಲ್ಲಿ ಇದರ ಗುಣ ಸಾಬೀತಾಯಿತು. ಅಗ್ಗದ ಗುಳಿಗೆ, ದೊಡ್ಡ ಉಪಕಾರ. ರಕ್ತಸ್ರಾವ ೧೦೦ಕ್ಕೆ ಒಂದೆರಡು, ಕರುಳು ತೂತಾಗುವುದು ಒಂದಕ್ಕಿಂತ ಕಡಿಮೆ. ಸಾವು ಅಪರೂಪ, ೧,೦೦೦ಕ್ಕೆ ಮೂರರ ಆಸುಪಾಸು. ಅಪರೂಪವಾದರೂ ಇದೆ. ಆದ್ದರಿಂದ ಸುಮ್ಮನೆ ನೋಡೋಣ ಎಂದು ಯಾರೂ ಈಗ ಇ.ಆರ್.ಸಿ.ಪಿ. ಮಾಡುವುದಿಲ್ಲ, ಮಾಡಿಸಿಕೊಳ್ಳಲೂಬಾರದು. ಹೊಟ್ಟೆ ಮೇಲೆ ಒತ್ತುವ ಸ್ಕ್ಯಾನಿಂಗಿಗೆ ನಾಳದ ಕಲ್ಲು ಎಷ್ಟೋ ಸಲ ಕಾಣುವುದಿಲ್ಲ. ಅನುಮಾನವಿದ್ದರೆ ಎಂ.ಆರ್.ಸಿ.ಪಿ. ಎಂಬ ಸ್ಕ್ಯಾನ್ ಇದೆ, ಅದರಲ್ಲಿ ಒಳಗೆ ಏನನ್ನೂ ತೂರಿಸುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಮನೆಗೆ ಬಂದ ಮೇಲೆ ಹೊಟ್ಟೆನೋವು ಹೆಚ್ಚಿದರೆ, ಎರಡು ವಾರದೊಳಗೆ ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಆ ಕೊಳವೆಯ ವಿಚಾರ. ಕಲ್ಲೆಲ್ಲ ಬಾರದಿದ್ದಾಗ, ನಾಳದಲ್ಲಿ ಕೀವಿದ್ದಾಗ, ಪಿತ್ತ ಹರಿಯಲೆಂದು ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯನ್ನು ಒಳಗೆ ಇಟ್ಟು ಬರುತ್ತಾರೆ. ಪೆನ್ನಿನ ರೀಫಿಲ್ಲಿನಷ್ಟು ದಪ್ಪ. ಇದೇ ಸ್ಟೆಂಟ್. ಹೃದಯದ ಸ್ಟೆಂಟು ಹಾಕಿದರೆ ಅಲ್ಲೇ ಇರುತ್ತದೆ, ಇದು ಹಾಗಲ್ಲ. ಸುಮಾರು ಮೂರು ತಿಂಗಳೊಳಗೆ ತೆಗೆಸಬೇಕು, ಅಥವಾ ಬದಲಿಸಬೇಕು. ಬಿಟ್ಟರೆ ಹೂಳು ತುಂಬಿದ ಪೈಪಿನಂತೆ ಕಟ್ಟಿಕೊಳ್ಳುತ್ತದೆ. ಮತ್ತೆ ಕಾಮಾಲೆ, ಮತ್ತೆ ಚಳಿಜ್ವರ. ವರ್ಷಗಟ್ಟಲೆ ಉಳಿದರೆ ಕೊಳವೆಯ ಸುತ್ತಲೇ ಹೊಸ ಕಲ್ಲು ಕಟ್ಟುತ್ತದೆ, ತೆಗೆಯುವುದೇ ಒಂದು ದೊಡ್ಡ ಕೆಲಸವಾಗುತ್ತದೆ.

ನಮ್ಮ ನೆಂಟರಲ್ಲೇ ಆದದ್ದು. ನನ್ನ ಬಾವ ಒಬ್ಬ ಬಾಳೆ ಬೆಳೆಗಾರ. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಕಲ್ಲು ತೆಗೆಸಿಕೊಂಡು ಬಂದ. ಹೆಸರು ಬೇಡ, ಕಲ್ಲು ತೆಗೆದ ಕೈ ಒಳ್ಳೆಯ ಕೈಯೇ. ಮತ್ತೆ ತೋರಿಸಲು ಯಾವಾಗ ಹೋಗುತ್ತೀ ಎಂದರೆ, 'ರಾಯಿ ತೀಸೇಸಿನಾರು ಗದಾ, ಇಂಕೇಮುಂದಿ ಬಾವಾ' ಅಂದ. ಕಲ್ಲು ತೆಗೆದಾಯ್ತಲ್ಲ, ಇನ್ನೇನದೆ ಅನ್ನುವುದು ಅವನ ಲೆಕ್ಕ. ಎರಡು ವರ್ಷದ ಮೇಲೆ ಬಾಳೆ ಕಡಿಯುವ ಹೊತ್ತಿಗೆ ಸರಿಯಾಗಿ ಚಳಿಜ್ವರ ಬಂದು ಮಲಗಿದ. ಹಳೆಯ ಕಾಗದ ಹುಡುಕಿ ತೆಗೆದರೆ ಇಂಗ್ಲಿಷಿನ ಮೂರು ಹಾಳೆ. ಕೊನೆಯ ಹಾಳೆಯ ಕೊನೆಯ ಸಾಲಿನಲ್ಲಿ ಸ್ಟೆಂಟ್ ತೆಗೆಸಲು ಬರಬೇಕೆಂದು ಬರೆದಿತ್ತು. ಬಾಯಲ್ಲೂ ಹೇಳಿದ್ದಾರೆ, ತಮಿಳಿನಲ್ಲಿ. ಬೆಲೆ ಕೂಗುವ ತಮಿಳು ಅವನಿಗೆ ಚೆನ್ನಾಗಿ ಬರುತ್ತದೆ. ಆಸ್ಪತ್ರೆಯ ತಮಿಳು ಬೇರೆ. ಎರಡು ಸಲ ನಳಿಕೆ ಇಳಿಸಿದ ಮೇಲೆ ಕೊಳವೆ ಬಂತು. ಮೊದಲ ಸಲಕ್ಕಿಂತ ಖರ್ಚು ಹೆಚ್ಚಾಯಿತು, ಬಾಳೆ ತೋಟದಲ್ಲೇ ಹಣ್ಣಾಯಿತು.

ಇದು ನನ್ನ ಬಾವನೊಬ್ಬನ ಕಥೆಯಲ್ಲ. ಮರೆತ ಸ್ಟೆಂಟುಗಳ ಬಗ್ಗೆ ದೇಶದ ಹಲವೆಡೆಯ ವೈದ್ಯರು ಬರೆದಿದ್ದಾರೆ. ಹಾಗಾದರೆ ಇದನ್ನು ರೋಗಿಯ ಮರೆವು ಎಂದು ಎಷ್ಟು ದಿನ ಹೇಳುವುದು? ಎಮ್ಮೆಗೆ ಕಟ್ಟಿಸಿದ ತಾರೀಖನ್ನು ಗೋಡೆಯ ಮೇಲೆ ಬರೆದಿಡುವ ಜನ ನಾವು. ತಿಳಿಯುವ ಹಾಗೆ ಒಂದು ತಾರೀಖು ಕೊಟ್ಟರೆ ಅದನ್ನೂ ಬರೆದಿಡುತ್ತೇವೆ.

ಇನ್ನೊಂದು ಬಾಕಿಯೂ ಇದೆ. ಕಾಲುವೆ ತೆರವಾದರೂ ತೊಟ್ಟಿಯಲ್ಲಿ ಕಲ್ಲು ಹಾಗೇ ಇರುತ್ತದೆ. ಪಿತ್ತಕೋಶವನ್ನು ತೆಗೆಸಬೇಕು, ಅದೂ ಆದಷ್ಟು ಎರಡು ವಾರದೊಳಗೆ ಎಂಬುದು ಯೂರೋಪಿನ ತಜ್ಞರ ೨೦೧೯ರ ಸಲಹೆ. ನೋವು ಹೋಯ್ತಲ್ಲ, ಇನ್ಯಾಕೆ ಕೊಯ್ಸೋದು ಎನ್ನುವವರಿಗೆ ನೆದರ್ಲೆಂಡಿನ ಒಂದು ಪರೀಕ್ಷೆಯ ಲೆಕ್ಕ ಹೇಳಬೇಕು. ೨೦೦೨ರಲ್ಲಿ ಪ್ರಕಟವಾದದ್ದು. ನಾಳದ ಕಲ್ಲು ತೆಗೆದ ಮೇಲೆ ಪಿತ್ತಕೋಶವನ್ನೂ ತೆಗೆಸಿದವರಲ್ಲಿ ೧೦೦ಕ್ಕೆ ೨ ಮಂದಿಗೆ ಮತ್ತೆ ಪಿತ್ತದ ತೊಂದರೆ ಬಂತು. ನೋಡೋಣ ಎಂದು ಬಿಟ್ಟವರಲ್ಲಿ ೧೦೦ಕ್ಕೆ ೪೭ ಮಂದಿಗೆ. ಬಹಳ ವಯಸ್ಸಾದವರು, ಹೃದಯ ಸೋತವರ ಮಾತು ಬೇರೆ. ಅದನ್ನು ವೈದ್ಯರೇ ತೀರ್ಮಾನಿಸಬೇಕು. ಕಟಾವು ಮುಗೀಲಿ, ಮದುವೆ ಮುಗೀಲಿ ಎಂದು ಮುಂದಕ್ಕೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕೊಯಮತ್ತೂರಿನ ಆಸ್ಪತ್ರೆಗಳನ್ನು ಕೇಳಿಕೊಳ್ಳುವುದು ಇಷ್ಟೆ. ಮೂರು ಹಾಳೆ ಇಂಗ್ಲಿಷಿನಲ್ಲೇ ಇರಲಿ. ಮೇಲೊಂದು ಅಂಗೈ ಅಗಲದ ಚೀಟಿ ರೋಗಿ ಓದುವ ಭಾಷೆಯಲ್ಲಿರಲಿ: ಒಳಗೆ ಕೊಳವೆ ಇದೆ, ಇಂಥ ತಾರೀಖಿಗೆ ತೆಗೆಸಬೇಕು. ಇದು ಹೊರಗಿನವರ ಹಟವೆಂದು ಯಾರೂ ತಿಳಿಯಬೇಕಾಗಿಲ್ಲ. ತಾಳವಾಡಿಯವರು ತಮಿಳುನಾಡಿನ ಪ್ರಜೆಗಳೇ, ಮಾತು ಕನ್ನಡ. ಸಿರುಮುಗೈಯ ದೇವಾಂಗ ನೇಕಾರರ ಮನೆಮಾತು ಕನ್ನಡ. ಕೊಯಮತ್ತೂರಿನ ಸುತ್ತ ತೆಲುಗು ಮನೆಗಳಿಗೆ ಲೆಕ್ಕವಿಲ್ಲ. ಚೀಟಿ ಕೊಟ್ಟ ಮೇಲೆ ಆ ತಾರೀಖಿಗೆ ಒಂದು ಫೋನು ಮಾಡಿದರೆ ಇನ್ನೂ ಒಳ್ಳೆಯದು. ಫೈನಾನ್ಸಿನವರು ಕಂತಿಗೆ ನಾಲ್ಕು ದಿನ ಮೊದಲೇ ಮಾಡುತ್ತಾರಲ್ಲ.

ನಮ್ಮ ಸರ್ಕಾರವೂ ಸುಮ್ಮನಿರಬಾರದು. ಚಾಮರಾಜನಗರದಲ್ಲಿ ೨೦೧೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಇಟ್ಟ ಕೊಳವೆಯನ್ನು ತೆಗೆಯುವುದು, ಇಡುವುದರಷ್ಟು ಕಷ್ಟದ ಕೆಲಸವಲ್ಲ. ಅಷ್ಟಾದರೂ ಜಿಲ್ಲೆಯಲ್ಲೇ ಆಗುವಂತೆ ಮಾಡಿದರೆ ರೋಗಿಗೆ ಎರಡನೇ ಪ್ರಯಾಣ ತಪ್ಪುತ್ತದೆ. ಹಳ್ಳಿಯ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಸ್ಟೆಂಟು ಇರುವವರ ಹೆಸರೂ ಸೇರಲಿ. ಆರೋಗ್ಯ ಕಾರ್ಡು ಇರುವವರು ಹೊರಡುವ ಮುಂಚೆಯೇ, ಆ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಕಾರ್ಡು ನಡೆಯುತ್ತದೆಯೇ, ಎರಡನೇ ಭೇಟಿಗೂ ನಡೆಯುತ್ತದೆಯೇ ಎಂದು ಕೇಳಿಕೊಳ್ಳುವುದು ಕ್ಷೇಮ. ದಿಂಬಂ ಘಟ್ಟದಲ್ಲಿ ೨೦೨೨ರಿಂದ ರಾತ್ರಿ ಸಂಚಾರಕ್ಕೆ ಕಟ್ಟುಪಾಡು ಇದೆ. ಚಳಿಜ್ವರದ ರೋಗಿಯನ್ನು ಬಾಡಿಗೆ ಕಾರಿಗೆ ಹಾಕಿಕೊಂಡು ಕತ್ತಲಲ್ಲಿ ಘಟ್ಟಕ್ಕೆ ಹೊರಡುವ ಬದಲು, ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ಪು, ಇಂಜೆಕ್ಷನ್ನು ಶುರು ಮಾಡಿಸಿ ಆಂಬುಲೆನ್ಸಿನಲ್ಲಿ ಕಳಿಸುವುದೇ ಸರಿ.

ಚೀಟಿ ಬರುವ ತನಕ ನಾನು ಮಾಡುತ್ತಿರುವುದು ಇದು. ನಮ್ಮೂರಿನಿಂದ ಹೊರಡುವವರಿಗೆಲ್ಲ ಒಂದು ಕಾಗದದಲ್ಲಿ ಕನ್ನಡ ಅಕ್ಷರದಲ್ಲೇ ತಮಿಳಿನ ಮೂರು ಪ್ರಶ್ನೆ ಬರೆದುಕೊಡುತ್ತೇನೆ. ಓದುಗರೂ ಕತ್ತರಿಸಿ ಇಟ್ಟುಕೊಳ್ಳಬಹುದು. 'ಉಳ್ಳೆ ಸ್ಟೆಂಟ್ ವೆಚ್ಚಿರುಕ್ಕೀಂಗಳಾ? ಎಂದ ತೇದಿ ಎಡುಕ್ಕಣುಂಗ? ಪಿತ್ತಪ್ಪೈ ಆಪರೇಷನ್ ಎಪ್ಪೋಂಗ?' ಹೈದರಾಬಾದಿಗೆ ಹೋಗುವವರಾದರೆ ಮೊದಲೆರಡಕ್ಕೆ 'ಲೋಪಲ ಸ್ಟೆಂಟ್ ಪೆಟ್ಟಾರಾ? ಎಪ್ಪುಡು ತೀಯಿಂಚುಕೋವಾಲಿ?' ಎಂದರೆ ಸಾಕು. ಉತ್ತರವನ್ನು ಅಲ್ಲಿನ ನರ್ಸಮ್ಮನ ಕೈಯಿಂದಲೇ ಅಂಕಿಯಲ್ಲಿ ಬರೆಸಿಕೊಳ್ಳಿ. ಅಂಕಿ ಎಲ್ಲ ಕಡೆಯೂ ಒಂದೇ.