ಮಾರಿದವನೇ ಕಾಣಿಸದ ಮಾರಾಟ

ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮೋಸಹೋದವರ ವಿಷಯ ಚರ್ಚೆಗೆ ಬಂದಾಗಲೆಲ್ಲ, ಕೊಳ್ಳುವವನು ಕಣ್ಣು ಬಿಟ್ಟು ನೋಡಬೇಕಿತ್ತು ಎಂಬ ತೀರ್ಪು ಮೊದಲು ಹೊರಬೀಳುತ್ತದೆ. ಕಾನೂನಿಗೆ ಹಲ್ಲಿಲ್ಲ ಎಂಬ ದೂರು ಅದರ ಬೆನ್ನಿಗೇ ಬರುತ್ತದೆ. ಈ ಎರಡು ಮಾತೂ ಸಮಸ್ಯೆಯ ಬುಡವನ್ನು ಮುಟ್ಟುವುದಿಲ್ಲ. ಹಣ ವಾಪಸು ಕೊಡಿಸುವ ಕಾನೂನು ದೇಶದಲ್ಲಿದೆ, ಅದು ತಕ್ಕಮಟ್ಟಿಗೆ ಗಟ್ಟಿಯಾಗಿಯೂ ಇದೆ. ಆದರೆ ಯಾರಿಂದ ವಾಪಸು ಕೊಡಿಸಬೇಕೋ ಆ ವ್ಯಾಪಾರಿ ಕಾಗದದ ಮೇಲೆ ಎಲ್ಲಿಯೂ ಸಿಕ್ಕಿಬೀಳದಂತೆ ಈ ವಹಿವಾಟಿನ ರೂಢಿ ಬೆಳೆದು ನಿಂತಿದೆ. ಮೀಟರು, ಬಣ್ಣ, ಇಂಜಿನ್ನುಗಳ ಮೋಸವನ್ನು ಮಾತ್ರ ಎಣಿಸುವವರು, ಅವೆಲ್ಲಕ್ಕೂ ಆಸರೆಯಾಗಿರುವ ಈ ಕಾಗದದ ಮೋಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ರೂಢಿ ಹೀಗಿದೆ. ಕಾರನ್ನು ಮಾರಲು ಬಂದ ಮೊದಲ ಮಾಲೀಕನಿಂದ ವ್ಯಾಪಾರಿ ಎರಡು ನಮೂನೆಗಳಿಗೆ ಸಹಿ ಹಾಕಿಸಿಕೊಳ್ಳುತ್ತಾನೆ: ವಾಹನವನ್ನು ಇಂಥವರಿಗೆ ಮಾರಿದ್ದೇನೆ ಎಂದು ಮಾಲೀಕ ಆರ್‌ಟಿಒಗೆ ತಿಳಿಸುವ ಫಾರಂ 29 ಮತ್ತು ಮಾಲೀಕತ್ವ ವರ್ಗಾವಣೆಗೆ ಸಲ್ಲಿಸುವ ಫಾರಂ 30. ಎರಡರಲ್ಲಿಯೂ ಕೊಳ್ಳುವವನ ಹೆಸರು ಮತ್ತು ದಿನಾಂಕದ ಜಾಗ ಖಾಲಿ ಇರುತ್ತದೆ. ಮಾಲೀಕ ಹಣ ಎಣಿಸಿಕೊಂಡು, ಆರ್‌ಸಿ ಮತ್ತು ಎರಡು ಕೀಲಿಗಳನ್ನು ಕೊಟ್ಟು ಹೋಗುತ್ತಾನೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಿರಾಕಿ ಸಿಕ್ಕಾಗ ಆ ಖಾಲಿ ಜಾಗದಲ್ಲಿ ಅವನ ಹೆಸರು ಬೀಳುತ್ತದೆ, ಆರ್‌ಟಿಒ ದಾಖಲೆಯಲ್ಲಿ ಕಾರು ಹಾಸನದ ಮಾಲೀಕನಿಂದ ತುಮಕೂರಿನ ಖರೀದಿದಾರನಿಗೆ ನೇರವಾಗಿ ಹೋದಂತಾಗುತ್ತದೆ. ನಡುವೆ ಕಾರನ್ನು ಕೊಂಡು, ತೊಳೆದು, ಬಣ್ಣ ಬಳಿದು, ಲಾಭವಿಟ್ಟು ಮಾರಿದವನ ಹೆಸರು ಅಲ್ಲಿಲ್ಲ. ಬಿಲ್ಲಿನ ಬದಲು ಸಿಗುವುದು ‘ಡೆಲಿವರಿ ನೋಟ್’ ಎಂಬ ಒಂದು ಹಾಳೆ. ವಾಹನವನ್ನು ಇದ್ದ ಸ್ಥಿತಿಯಲ್ಲಿ ಪಡೆದಿದ್ದೇನೆ, ಇನ್ನು ಮುಂದಿನ ಎಲ್ಲಕ್ಕೂ ನಾನೇ ಹೊಣೆ ಎಂದು ಖರೀದಿದಾರನೇ ಅದರಲ್ಲಿ ಬರೆದುಕೊಟ್ಟಿರುತ್ತಾನೆ. ಜಗಳ ಎದ್ದಾಗ ವ್ಯಾಪಾರಿ ಹೇಳುವ ಮಾತು ಒಂದೇ: ತಾನು ಇಬ್ಬರನ್ನು ಪರಿಚಯ ಮಾಡಿಸಿದ ಬ್ರೋಕರ್ ಅಷ್ಟೆ.

ಈ ಮಾತಿನ ಹಿಂದಿನ ಲೆಕ್ಕಾಚಾರ ಸಣ್ಣದಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯವಾಗುವುದು ವ್ಯಾಪಾರಿ ಮತ್ತು ಗ್ರಾಹಕನ ನಡುವಿನ ವಹಿವಾಟಿಗೇ ಹೊರತು, ತನ್ನ ಸ್ವಂತ ಕಾರನ್ನು ಒಮ್ಮೆ ಮಾರಿದ ಗೃಹಸ್ಥನಿಗೂ ಅದನ್ನು ಕೊಂಡ ಇನ್ನೊಬ್ಬ ಗೃಹಸ್ಥನಿಗೂ ನಡುವಿನ ವ್ಯವಹಾರಕ್ಕಲ್ಲ. ವ್ಯಾಪಾರಿ ಕಾಗದದಿಂದ ಜಾರಿಕೊಂಡರೆ ಇಡೀ ವ್ಯಾಜ್ಯವೇ ಗ್ರಾಹಕ ಆಯೋಗದ ಅಂಗಳದಿಂದ ಸಿವಿಲ್ ನ್ಯಾಯಾಲಯದ ಉದ್ದನೆಯ ಸಾಲಿಗೆ ಜಾರುವ ಅಪಾಯವಿದೆ. ಖಾಲಿ ಫಾರಮ್ಮಿಗೆ ಸಹಿ ಹಾಕಿದ ಮಾಲೀಕನೂ ಪಾರಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 50ನೆಯ ಸೆಕ್ಷನ್ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸದೆ ಕೈಯಿಂದ ಕೈಗೆ ಹಲವರಿಗೆ ದಾಟಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ನೋಂದಣಿ ಯಾರ ಹೆಸರಿನಲ್ಲಿ ಉಳಿದಿತ್ತೋ ಅವನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಇದನ್ನು ಸರಿಪಡಿಸುವ ನಿಯಮ ಬಂದಾಗಿದೆ ಎಂಬುದು ಈ ವಿವಾದದ ಅತ್ಯಂತ ಮುಜುಗರದ ಸಂಗತಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರ ಪ್ರಕಾರ ಹಳೆ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಐದು ವರ್ಷಗಳ ಅಧಿಕೃತ ಪ್ರಮಾಣಪತ್ರ ಪಡೆಯಬೇಕು. ಮಾಲೀಕ ಕಾರನ್ನು ವ್ಯಾಪಾರಿಗೆ ಒಪ್ಪಿಸಿದ ಸಂಗತಿಯನ್ನು ಫಾರಂ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸಬೇಕು, ತಿಳಿಸಿದ ಕ್ಷಣದಿಂದ ಮುಂದಿನ ಮಾರಾಟದವರೆಗೆ ವ್ಯಾಪಾರಿಯನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ, ಕಾರು ಹೊರಗೆ ಓಡಿದ ಪ್ರತಿಯೊಂದು ಸಲವನ್ನೂ ಆತ ವಿದ್ಯುನ್ಮಾನ ವಹಿಯಲ್ಲಿ ಬರೆದಿಡಬೇಕು. ನಿಯಮ ಇಷ್ಟು ಸ್ಪಷ್ಟವಾಗಿದ್ದರೂ ಖಾಲಿ ಸಹಿಯ ಫಾರಂಗಳ ರೂಢಿ ನಿಂತಿಲ್ಲ; ಪ್ರಮಾಣಪತ್ರವಿಲ್ಲದ ಅಂಗಡಿಗೆ ಬೀಗ ಬಿದ್ದ ಸುದ್ದಿ ಅಪರೂಪ. ಇಷ್ಟಾಗಿಯೂ ಈ ನಿಯಮದ ಗಮನವೆಲ್ಲ ಮಾಲೀಕತ್ವದ ಹಾದಿಯ ಮೇಲಿದೆ. ಕಾರಿನ ಸ್ಥಿತಿಯ ಬಗ್ಗೆ ವ್ಯಾಪಾರಿ ಏನೇನನ್ನು ಬರೆದುಕೊಡಬೇಕು ಎಂಬ ಪಟ್ಟಿ ಅದರಲ್ಲಿಲ್ಲ.

ತೆರಿಗೆಯ ವಿಷಯ ಬಂದಾಗ ಮಾತ್ರ ಸರ್ಕಾರಕ್ಕೆ ಈ ವ್ಯಾಪಾರಿ ಚೆನ್ನಾಗಿಯೇ ಕಾಣಿಸುತ್ತಾನೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ನೋಂದಾಯಿತ ವ್ಯಾಪಾರಿ ಮಾರುವ ಹಳೆ ವಾಹನಗಳ ಮೇಲಿನ ತೆರಿಗೆಯನ್ನು ಶೇ. 18ಕ್ಕೆ ಏಕರೂಪಗೊಳಿಸಿತು. ಈ ತೆರಿಗೆ ಕಾರಿನ ಪೂರ್ತಿ ಬೆಲೆಗಲ್ಲ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ಅಂತರಕ್ಕೆ, ಅಂದರೆ ವ್ಯಾಪಾರಿಯ ಮಾರ್ಜಿನ್‌ಗೆ ಮಾತ್ರ. ಆ ಅಂತರವನ್ನು ತಲುಪುವಷ್ಟು ಸೂಕ್ಷ್ಮ ದೃಷ್ಟಿಯುಳ್ಳ ಆಡಳಿತ, ಅದೇ ಅಂತರ ಹುಟ್ಟಲು ಏನನ್ನು ಮರೆಮಾಚಲಾಯಿತು ಎಂದು ಕೇಳದಿರುವುದು ವಿಚಿತ್ರ.

ಮರೆಮಾಚುವ ಕಲೆ ತೀರ ರಹಸ್ಯವೇನಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ಉಪಕರಣ ಜೋಡಿಸಿ ಡಿಜಿಟಲ್ ಮೀಟರಿನ ಅಂಕಿಯನ್ನು ತಿದ್ದಬಹುದು. ಆದರೆ 40,000 ಕಿಲೋಮೀಟರ್ ತೋರಿಸುವ ಕಾರಿನಲ್ಲಿ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಅಂಕಿ ಸುಳ್ಳಾಡುತ್ತಿದೆ ಎಂದು ಹಳೆಯ ಮೆಕ್ಯಾನಿಕ್ ಬಾನೆಟ್ ಎತ್ತದೆಯೇ ಹೇಳುತ್ತಾನೆ. ನೀರಿನಲ್ಲಿ ಮುಳುಗಿದ್ದ ಕಾರಿನ ಸೀಟು ಬದಲಾಗಿರುತ್ತದೆ, ಸುವಾಸನೆಯ ಡಬ್ಬಿ ನೇತಾಡುತ್ತಿರುತ್ತದೆ, ಆದರೆ ಸೀಟ್ ಬೆಲ್ಟನ್ನು ಕಡೆಯವರೆಗೆ ಎಳೆದರೆ ಒಳತುದಿಯಲ್ಲಿ ಕೆಸರಿನ ಗೆರೆ, ಸೀಟಿನ ಹಳಿಯ ಬೋಲ್ಟುಗಳಲ್ಲಿ ತುಕ್ಕು ಉಳಿದಿರುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಚಾವಣಿಯವರೆಗೆ ಮುಳುಗಿದ ಕಾರುಗಳ ಚಿತ್ರಗಳನ್ನು ನೋಡಿದವರು, ಅವು ಆಮೇಲೆ ಎಲ್ಲಿಗೆ ಹೋದವು ಎಂದು ಕೇಳಿದ್ದು ಕಡಿಮೆ. ರಿಪೇರಿಯ ಖರ್ಚು ವಿಮೆಯಲ್ಲಿ ನಮೂದಾದ ವಾಹನದ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿ ಆ ಕಾರನ್ನು ‘ಟೋಟಲ್ ಲಾಸ್’, ಅಂದರೆ ಸಂಪೂರ್ಣ ನಷ್ಟ ಎಂದು ಪರಿಗಣಿಸುತ್ತದೆ. ಅದರ ಅವಶೇಷ ಹರಾಜಾಗುತ್ತದೆ. ಗುಜರಿ ಸೇರಬೇಕಾದ ವಾಹನದ ನೋಂದಣಿ ರದ್ದಾಗದೆ ಉಳಿದರೆ ಅದು ಒಣಗಿ, ಹೊಳೆದು, ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು’ ಎಂಬ ವಿಶೇಷಣದೊಂದಿಗೆ ಬೇರೆ ಜಿಲ್ಲೆಯಲ್ಲಿ ಮಾರಾಟಕ್ಕೆ ನಿಲ್ಲಲು ಅಡ್ಡಿಯಿಲ್ಲ. (ಹಳೆ ಕಾರುಗಳನ್ನೆಲ್ಲ ವೈದ್ಯರೇ ಓಡಿಸಿರುವುದು ನಿಜವಾದರೆ ರಾಜ್ಯದ ಆಸ್ಪತ್ರೆಗಳಲ್ಲಿ ವೈದ್ಯರ ಕೊರತೆ ಏಕಿದೆಯೋ ತಿಳಿಯದು.)

ವ್ಯಾಪಾರಿಗಳ ಪರವಾಗಿ ಹೇಳುವ ವಾದಕ್ಕೆ ಹಳೆಯ ಕಾನೂನಿನ ಬೆಂಬಲವಿದೆ ಎಂಬುದನ್ನು ಒಪ್ಪಬೇಕು. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಸೆಕ್ಷನ್ ವಂಚನೆ ಎಂದರೇನು ಎಂಬುದನ್ನು ವಿವರಿಸುತ್ತ, ಕುದುರೆಗೆ ರೋಗವಿದೆಯೆಂದು ತಿಳಿದೂ ಹರಾಜಿನಲ್ಲಿ ಸುಮ್ಮನಿದ್ದು ಮಾರಿದವನು ವಂಚಕನಲ್ಲ ಎಂಬ ಉದಾಹರಣೆ ಕೊಡುತ್ತದೆ; ಬಾಯಿಬಿಟ್ಟು ಹೇಳಬೇಕಾದ ಕರ್ತವ್ಯ ಇರುವಲ್ಲಿ ಮಾತ್ರ ಮೌನ ವಂಚನೆಯಾಗುತ್ತದೆ. 19ನೆಯ ಸೆಕ್ಷನ್, ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯಬಹುದಾಗಿದ್ದವನಿಗೆ ಅಂಥ ಮೌನದ ನೆಪದಲ್ಲಿ ಕರಾರನ್ನು ಮುರಿಯುವ ಹಕ್ಕನ್ನು ನಿರಾಕರಿಸುತ್ತದೆ. ಹಲ್ಲು ಹಿಡಿದು ಕುದುರೆಯ ವಯಸ್ಸು ಹೇಳಬಲ್ಲವರ ಕಾಲಕ್ಕೆ ಇದು ಸಲ್ಲುತ್ತಿತ್ತೇನೋ. ಹತ್ತಾರು ಸೆನ್ಸರ್‌ಗಳೂ ತಂತ್ರಾಂಶವೂ ತುಂಬಿದ ಯಂತ್ರದ ಮುಂದೆ ಶಾಲಾ ಶಿಕ್ಷಕನೊಬ್ಬನ ‘ಸಾಮಾನ್ಯ ಎಚ್ಚರ’ ಎಷ್ಟು ದೂರ ಹೋದೀತು? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಕೆಟ್ಟ ಕಾರುಗಳು ಒಳ್ಳೆಯ ಕಾರುಗಳನ್ನು ಮಾರುಕಟ್ಟೆಯಿಂದ ಹೊರಗಟ್ಟುತ್ತವೆ ಎಂದು ತೋರಿಸಿದ್ದರು. ಅದೇ ಪ್ರಬಂಧದಲ್ಲಿ ಭಾರತದ ಲೇವಾದೇವಿದಾರರೂ ಉದಾಹರಣೆಯಾಗಿ ಬರುತ್ತಾರೆ. ಆ ತರ್ಕದ ಪ್ರಕಾರ ಇಂದಿನ ರೂಢಿಯಿಂದ ಪೆಟ್ಟು ತಿನ್ನುವವರಲ್ಲಿ ಪ್ರಾಮಾಣಿಕ ವ್ಯಾಪಾರಿಯೂ ಒಬ್ಬ: ಅವನ ಒಳ್ಳೆಯ ಕಾರಿಗೆ ಒಳ್ಳೆಯ ಬೆಲೆ ಕೊಡುವ ಧೈರ್ಯ ಯಾರಿಗೂ ಇರುವುದಿಲ್ಲ.

ಹಣ ಹಿಂತಿರುಗಿಸುವ ಷರತ್ತು ಹಾಕಿದರೆ ಸಣ್ಣ ವ್ಯಾಪಾರಿ ಮುಳುಗುತ್ತಾನೆ ಎಂಬ ಮಾತಿಗೆ ಅನುಭವದ ಆಧಾರವಿಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹಳೆ ಕಾರಿಗೂ ಅನ್ವಯಿಸುತ್ತದೆ. ದೋಷವಿದ್ದರೆ 30 ದಿನಗಳೊಳಗೆ ಕಾರನ್ನು ತಿರಸ್ಕರಿಸಿ ಪೂರ್ತಿ ಹಣ ಪಡೆಯಬಹುದು. ಬೆಲ್ಜಿಯಂನಲ್ಲಿ 2006ರಿಂದ ‘ಕಾರ್ ಪಾಸ್’ ಎಂಬ ದಾಖಲೆ ಕಡ್ಡಾಯವಾಗಿದ್ದು, ಗ್ಯಾರೇಜುಗಳು ಪ್ರತಿ ಸಲ ನಮೂದಿಸಿದ ಕಿಲೋಮೀಟರ್ ಅಂಕಿಗಳ ಚರಿತ್ರೆ ಅದರಲ್ಲಿರುತ್ತದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭಾರತದಲ್ಲೇ ಆನ್‌ಲೈನಿನಲ್ಲಿ ಹಳೆ ಕಾರು ಮಾರುವ ದೊಡ್ಡ ಕಂಪನಿಗಳು ಕೆಲವು ದಿನಗಳ ವಾಪಸಾತಿ ಅವಕಾಶವನ್ನೇ ಜಾಹೀರಾತು ಮಾಡಿಕೊಂಡಿವೆ.

ಈಗಿರುವ ಕಾನೂನಿನಲ್ಲಿಯೇ ಮೋಸಹೋದವರಿಗೆ ಸಿಗುವ ದಾರಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ವ್ಯಾಪಾರಿ ನಂಬಿರುವುದು ಈ ದಾರಿಯ ಅಜ್ಞಾನವನ್ನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕರೆಯುವ ನಡವಳಿಕೆಗಳಲ್ಲಿ, ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು, ಬಿಲ್ಲು ಕೊಡದಿರುವುದು, ದೋಷವುಳ್ಳ ಸರಕನ್ನು ವಾಪಸು ಪಡೆದು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಣ ಹಿಂತಿರುಗಿಸಲು ನಿರಾಕರಿಸುವುದು ಇವೆಲ್ಲವೂ ಸೇರಿವೆ. ಬಿಲ್ಲು ಕೊಡದಿರುವುದು ವ್ಯಾಪಾರಿಗೆ ಗುರಾಣಿಯಲ್ಲ, ಅದೇ ಒಂದು ಅಪರಾಧಸೂಚಕ ನಡೆ ಎಂಬುದನ್ನು ದೂರಿನಲ್ಲಿ ಎತ್ತಿ ಹೇಳಬೇಕು. ಬ್ರೋಕರ್ ಎಂದೇ ಆತ ವಾದಿಸಿದರೂ, ಕಮಿಷನ್ ಪಡೆದದ್ದು ಸಾಬೀತಾದರೆ ಸೇವಾನ್ಯೂನತೆಯ ಹೊಣೆಯನ್ನು ಅವನ ಮೇಲೆ ಹೊರಿಸಬಹುದು. ಕೊಂಡವನು ದೂರನ್ನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎರಡು ವರ್ಷಗಳೊಳಗೆ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಜೀವನೋಪಾಯಕ್ಕೆ ಸ್ವತಃ ಟ್ಯಾಕ್ಸಿ ಓಡಿಸಲು ಕಾರು ಕೊಂಡವನೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನೇ.

ಇಂಥ ದೂರುಗಳು ಸೋಲುವುದು ಸಾಮಾನ್ಯವಾಗಿ ಸಾಕ್ಷ್ಯದ ಹಂತದಲ್ಲಿ. ಸಿಟ್ಟಿನ ಭರದಲ್ಲಿ ಮೊದಲು ರಿಪೇರಿ ಮಾಡಿಸಿ ಆಮೇಲೆ ದೂರು ಕೊಡುವವನು ದೋಷದ ಗುರುತನ್ನು ತಾನೇ ಅಳಿಸಿರುತ್ತಾನೆ. ಕಾರನ್ನು ಇದ್ದಂತೆಯೇ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಒಯ್ದು ಲಿಖಿತ ತಪಾಸಣಾ ವರದಿ ಪಡೆದು, ಹಿಂದಿನ ಸರ್ವೀಸುಗಳಲ್ಲಿ ದಾಖಲಾದ ಕಿಲೋಮೀಟರ್ ಅಂಕಿಗಳ ಪ್ರತಿ ಕೇಳಿ, ವ್ಯಾಪಾರಿಯ ಜಾಹೀರಾತು ಅಳಿಸಿಹೋಗುವ ಮೊದಲೇ ಅದರ ಚಿತ್ರ ತೆಗೆದಿಟ್ಟುಕೊಂಡು, ಹದಿನೈದು ದಿನಗಳ ಗಡುವಿನ ನೋಟಿಸನ್ನು ಅಂಚೆಯ ಮೂಲಕ ಕಳುಹಿಸುವುದು ಸರಿಯಾದ ಕ್ರಮ. ವಾಟ್ಸಾಪ್ ಸಂದೇಶಗಳನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಕೇಳುವ ಪ್ರಮಾಣಪತ್ರವನ್ನು ಲಗತ್ತಿಸಿದರೆ ಅನಗತ್ಯ ತಕರಾರು ತಪ್ಪುತ್ತದೆ. ಹಣವನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಕಾಗದದಲ್ಲಿ ಇಲ್ಲದ ವ್ಯಾಪಾರಿ ಖಾತೆಯ ವಿವರದಲ್ಲಿ ಸಿಗುತ್ತಾನೆ. ನಗದು ಕೊಟ್ಟರೆ ಇಪ್ಪತ್ತು ಸಾವಿರ ಕಡಿಮೆ ಎಂಬ ಆಮಿಷಕ್ಕೆ ಒಪ್ಪಿದವನು ಮಾರಿಕೊಂಡದ್ದು ಈ ಸಾಕ್ಷ್ಯವನ್ನು. ಠಾಣೆಗೆ ಹೋದವರಿಗೆ ಇದು ಸಿವಿಲ್ ವ್ಯಾಜ್ಯ ಎಂಬ ಉತ್ತರ ಕೇಳಿ ಅಭ್ಯಾಸವಾಗಿದೆ. ಸಾಲ ತೀರದ ಕಾರನ್ನು ತೀರಿದೆ ಎಂದು, ಅಥವಾ ತಿದ್ದಿದ ಮೀಟರನ್ನು ಅಸಲಿ ಎಂದು ನಂಬಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೆಯ ಸೆಕ್ಷನ್ ಹೇಳುವ ವಂಚನೆಯ ವ್ಯಾಖ್ಯೆಗೆ ಒಳಪಡುತ್ತದೆ, ಸಿವಿಲ್ ಪರಿಹಾರ ಇದೆ ಎಂಬ ಕಾರಣಕ್ಕೆ ಅಪರಾಧ ಅಪರಾಧವಲ್ಲದೆ ಹೋಗುವುದಿಲ್ಲ.

ಆಯೋಗಗಳ ನಿಧಾನಗತಿ ಬೇರೆಯೇ ಕಥೆ. ಎದುರುದಾರನಿಗೆ ನೋಟಿಸ್ ತಲುಪಿದ ಮೂರು ತಿಂಗಳೊಳಗೆ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳಿದರೂ, ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದೇಶ ಬಂದ ಮೇಲೂ ಹಣ ಕೊಡದವನಿಗೆ 72ನೆಯ ಸೆಕ್ಷನ್ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಈ ಅಧಿಕಾರವನ್ನು ಆಯೋಗಗಳು ಹಿಂಜರಿಯದೆ ಬಳಸಿದರೆ ಹಣದ ಚೀಲಗಳು ತಾವಾಗಿಯೇ ಸಡಿಲಗೊಂಡಾವು.

ರಾಜ್ಯದ ಸಾರಿಗೆ ಇಲಾಖೆ ಮಾಡಬಹುದಾದ ಕೆಲಸ ಇದಕ್ಕಿಂತ ಸರಳ. ಮಾಲೀಕತ್ವ ವರ್ಗಾವಣೆಯ ಪ್ರತಿ ಅರ್ಜಿಯ ಜೊತೆಗೆ ವ್ಯಾಪಾರಿಯ ಜಿಎಸ್‌ಟಿ ಬಿಲ್ಲನ್ನೂ ಅಧಿಕೃತ ಪ್ರಮಾಣಪತ್ರದ ಸಂಖ್ಯೆಯನ್ನೂ, ನೇರ ಮಾರಾಟವಾಗಿದ್ದರೆ ನಡುವೆ ಯಾವ ವ್ಯಾಪಾರಿಯೂ ಇರಲಿಲ್ಲ ಎಂದು ಇಬ್ಬರೂ ಸಹಿ ಮಾಡಿದ ಘೋಷಣೆಯನ್ನೂ ಕೇಳುವ ವ್ಯವಸ್ಥೆ ತರಬೇಕು. ವಿಮಾ ಕಂಪನಿಗಳು ಸಂಪೂರ್ಣ ನಷ್ಟ ಎಂದು ಹಣ ಕೊಟ್ಟ ವಾಹನಗಳ ವಿವರವನ್ನು ‘ವಾಹನ್’ ದತ್ತಾಂಶಕ್ಕೆ ಸೇರಿಸಿ, ನೋಂದಣಿ ಸಂಖ್ಯೆ ಒತ್ತಿದ ಯಾರಿಗೂ ಅದು ಕಾಣುವಂತೆ ಮಾಡಬೇಕು. ಕೋಚಿಂಗ್ ಕೇಂದ್ರಗಳ ಜಾಹೀರಾತಿಗೆ 2024ರಲ್ಲಿ ಮಾರ್ಗಸೂಚಿ ಹೊರಡಿಸಿದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಸಂಸತ್ತಿನ ಮುಂದೆ ಹೊಸ ಮಸೂದೆ ತರದೆಯೇ, ಕಾರಿನ ಅಪಘಾತ, ನೆರೆ, ಸಾಲ ಮತ್ತು ಕಿಲೋಮೀಟರ್‌ಗಳ ಚರಿತ್ರೆಯನ್ನು ವ್ಯಾಪಾರಿ ಲಿಖಿತವಾಗಿ ಕೊಡಬೇಕೆಂಬ ಮಾರ್ಗಸೂಚಿಯನ್ನು ಅದೇ ಅಧಿಕಾರದಡಿ ಹೊರಡಿಸಬಹುದು. ಹೇಳಬೇಕಾದ ಕರ್ತವ್ಯ ಹಾಗೆ ಒಮ್ಮೆ ಬರಹಕ್ಕೆ ಬಂದರೆ, 1872ರ ಕುದುರೆ ವ್ಯಾಪಾರಿಗೆ ಸಿಕ್ಕ ಮೌನದ ರಿಯಾಯಿತಿ ಕಾರಿನ ವ್ಯಾಪಾರಿಗೆ ಸಿಗಲಾರದು.